ತಾರಸಿ ಬಡಿದ ಹಾಡು

"ಸರ್, ಹಾಡನ್ನು ಪಾಠದ ಮೊದಲಿಗೆ ಇಡಬೇಕಾ, ನಡುವೆ ಇಡಬೇಕಾ, ಕೊನೆಗೆ ಇಡಬೇಕಾ?"

ಕೇಳಿದವಳು ಚಂಪಾವತಿ. ಶಿಕ್ಷಕರ ತರಬೇತಿ ಕೇಂದ್ರದಲ್ಲಿ ಎರಡನೇ ವರ್ಷದ ವಿದ್ಯಾರ್ಥಿನಿ. ಕೇಳಿಸಿಕೊಂಡವರು ಕೊಟ್ರಪ್ಪ ಮೇಷ್ಟ್ರು. ಅವಳು ಪಾಠ ಮಾಡುವಾಗ ಹಿಂದಿನ ಬೆಂಚಿನಲ್ಲಿ ಕೂತು ನೋಡಿ ತೀರ್ಪು ಬರೆಯುವವರು ಅವರೇ. ಮೇಷ್ಟ್ರು ಕುರ್ಚಿ ತೋರಿಸಿದರು. ಚಂಪಾ ಕೂರಲಿಲ್ಲ. ಕೂರುವ ಸ್ಥಿತಿಯಲ್ಲಿ ಅವಳಿರಲಿಲ್ಲ.

ಸೋಮವಾರ ಅವಳು ಮೂರನೇ ತರಗತಿಗೆ ಕಾಲು, ಅರ್ಧ, ಮುಕ್ಕಾಲು ಕಲಿಸಬೇಕಿತ್ತು. ಪಾಠಯೋಜನೆಯ ಹಾಳೆಯಲ್ಲಿ 'ಕಲೆ' ಎಂಬ ಒಂದು ಅಂಕಣವಿದೆ. ಉಳಿದವರು ಅದರಲ್ಲಿ 'ಚಿತ್ರ ತೋರಿಸುವುದು' ಎಂದು ಗೀಚಿ ಕೈ ತೊಳೆದುಕೊಳ್ಳುತ್ತಾರೆ. ಚಂಪಾ ಹಾಗಲ್ಲ. ತಾನೇ ಹಾಡು ಕಟ್ಟಿದಳು, ತಾನೇ ಧಾಟಿ ಹಾಕಿದಳು, ಎರಡು ದಿನ ಕೂತು ಬಾಗಿಲಷ್ಟು ದೊಡ್ಡ ಚಿತ್ರ ಬರೆದಳು. ಅವಳು ಹಾಡಿದಾಗ ಪಕ್ಕದ ಕೋಣೆಯ ಮಕ್ಕಳೂ ಬಂದು ಕಿಟಕಿಗೆ ಜೋತುಬಿದ್ದರು. ಚಪ್ಪಾಳೆಯೋ ಚಪ್ಪಾಳೆ. ಆಮೇಲೆ ಸ್ಲೇಟು ತೆಗೆಸಿ, ಅರ್ಧದಲ್ಲಿ ಅರ್ಧ ಎಷ್ಟು ಎಂದು ಕೇಳಿದಳು. ಮೂವತ್ತೊಂದು ಮಕ್ಕಳಲ್ಲಿ ಒಬ್ಬರೂ ಬಳಪ ಮುಟ್ಟಲಿಲ್ಲ. ಮುಂದಿನ ಸಾಲಿನ ಒಂದು ಹುಡುಗಿ ಕೈಯೆತ್ತಿ, "ಟೀಚರ್, ಇನ್ನೊಂದ್ಸಲ ಹಾಡ್ರಿ" ಎಂದಳು.

ಮೇಷ್ಟ್ರು ಹಾಳೆಯ ಮೇಲೆ ಬರೆದದ್ದು ಒಂದೇ ಪದ: ಮರುಪಾಠ.

ಆ ಮರುಪಾಠ ನಾಳೆ ಬೆಳಿಗ್ಗೆ, ಎರಡನೇ ಪೀರಿಯಡ್ಡಿಗೆ. ಅದೂ ಕೆಟ್ಟರೆ ಇಡೀ ವರ್ಷ ಮತ್ತೊಮ್ಮೆ. ಆದ್ದರಿಂದಲೇ ಅವಳ ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ, ಕಣ್ಣು ಗೋಡೆಯ ಗಡಿಯಾರವನ್ನು ಬಿಡುತ್ತಿರಲಿಲ್ಲ.

"ಒಂದು ಕತೆ ಹೇಳ್ತೀನಿ" ಎಂದರು ಮೇಷ್ಟ್ರು.

ಚಂಪಾ ಮತ್ತೊಮ್ಮೆ ಗಡಿಯಾರ ನೋಡಿದಳು. ಕೊಟ್ರಪ್ಪ ಮೇಷ್ಟ್ರು ಹೇಳುವ ಕತೆಗಳಲ್ಲಿ ಅರ್ಧ ಸುಳ್ಳು. ಯಾವ ಅರ್ಧ ಎಂಬುದು ಅವರಿಗೂ ಗೊತ್ತಿಲ್ಲ. "ಸರ್, ಮೊದಲಿಗಾ ಕೊನೆಗಾ ಅಂತ ಒಂದೇ ಮಾತು ಹೇಳಿಬಿಡಿ, ಸಾಕು" ಎಂದಳು.

"ಒಂದೇ ಮಾತು ಕೊನೆಗೆ ಹೇಳ್ತೀನಮ್ಮ, ತಡಿ" ಎಂದು ಮೇಷ್ಟ್ರು ಶುರುಮಾಡಿದರು.

ಒಬ್ಬ ವರ್ತಕನಿದ್ದ. ಉಪ್ಪಿನ ವ್ಯಾಪಾರ. ಕೆಳಗೆ ಮಳಿಗೆ, ಮೇಲೆ ಮನೆ, ಅದರ ಮೇಲೆ ತಾರಸಿ ಎಂದು ಕಟ್ಟಡ ಎಬ್ಬಿಸಿದ. ಆ ಕಾಲದಲ್ಲಿ ಸಿಮೆಂಟು ಇರಲಿಲ್ಲ. ಸುಣ್ಣದ ಗಾರೆಗೆ ಇಟ್ಟಿಗೆ ಚೂರು ಬೆರೆಸಿ, ಬೆಲ್ಲದ ನೀರು ಹಾಕಿ ತಾರಸಿಯ ಮೇಲೆ ಹರಡಬೇಕು. ಅದನ್ನು ಕೊಡತಿಯಿಂದ, ಅಂದರೆ ಮರದ ಬಡಿಗೆಯಿಂದ, ದಿನಗಟ್ಟಲೆ ಬಡಿಯಬೇಕು. ಬಡಿದ ಕೊಡತಿ ಚೆಂಡಿನಂತೆ ಪುಟಿದು ವಾಪಸು ಬಂದರೆ ಗಾರೆ ಕೂತಿದೆ ಎಂದು ಲೆಕ್ಕ.

ಬಡಿಯಲು ಹೆಂಗಸರು ಬಂದರು. ಹದಿನಾಲ್ಕು ಮಂದಿ. (ಹೋದ ವರ್ಷ ಗಂಟೆ ಹೊಡೆದು ಇದೇ ಕತೆ ಇಲ್ಲಿಗೇ ನಿಂತಾಗ ಒಂಬತ್ತು ಮಂದಿ ಇದ್ದರು. ಚಂಪಾ ತಡೆಯಲಿಲ್ಲ. ತಡೆದರೆ ಇಪ್ಪತ್ತಾಗುತ್ತಿದ್ದರು.) ಅವರು ಸಾಲಾಗಿ ಕುಕ್ಕರಗಾಲಲ್ಲಿ ಕೂತರು. ಹಿರಿಯಳು ಹಾಡೆತ್ತಿದಳು, ಉಳಿದವರು ದನಿಗೂಡಿಸಿದರು, ಕೊಡತಿಗಳು ಎದ್ದವು, ಬಿದ್ದವು. ಒಂದು ನುಡಿ ಮುಗಿಯಿತು. ಎಲ್ಲರೂ ಒಂದು ಗೇಣು ಹಿಂದೆ ಸರಿದರು. ಮತ್ತೆ ಹಾಡು.

ವರ್ತಕ ಕೆಳಗೆ ಮಳಿಗೆಯಲ್ಲಿ ಕೂತು ಕೇಳಿದ. ಮೈ ಉರಿಯಿತು. ಮೆಟ್ಟಿಲು ಹತ್ತಿ ಬಂದು, "ಏನ್ರವ್ವಾ, ಕೆಲಸಕ್ಕೆ ಬಂದೀರೋ, ಸೋಬಾನೆಗೆ ಬಂದೀರೋ? ಬಾಯಿ ಮುಚ್ಚಿ ಬಡೀರಿ!" ಎಂದ.

ಹಿರಿಯಳು ಬಾಯಿ ಮುಚ್ಚಿದಳು. ಎಲ್ಲರೂ ಬಾಯಿ ಮುಚ್ಚಿದರು. ಒಬ್ಬಳು ಗಟ್ಟಿಯಾಗಿ ಬಡಿದಳು, ಒಬ್ಬಳು ಮೆಲ್ಲಗೆ. ಒಬ್ಬಳು ಇದ್ದಲ್ಲೇ ಇದ್ದಳು, ಒಬ್ಬಳು ಎರಡು ಗೇಣು ಸರಿದಳು. ಹೇಗೋ ಕೆಲಸ ಮುಗಿಯಿತು.

ಮಳೆಗಾಲ ಬಂತು. ತಾರಸಿ ಸೋರಿ, ಮನೆ ದಾಟಿ ಮಳಿಗೆಗೂ ನೀರಿಳಿಯಿತು. ಉಪ್ಪಿನ ಮೂಟೆಗಳು ಒಂದೊಂದಾಗಿ ಕುಗ್ಗಿ, ಕೊನೆಗೆ ಬರಿಯ ಗೋಣಿಚೀಲ ಉಳಿಯಿತು. ಎದುರು ಮನೆಯವನು ಬಾಗಿಲಲ್ಲಿ ನಿಂತು, "ಸಾವ್ಕಾರ್ರೇ, ನೀವು ಸಮುದ್ರಕ್ಕೆ ಹೋಗೋದು ಬ್ಯಾಡ. ಅದೇ ನಿಮ್ಮನೆಗೆ ಬಂದೈತಲ್ಲ!" ಎಂದ.

ಚಂಪಾಳಿಗೆ ನಗು ಬರಲಿಲ್ಲ. ಹಾಡು ಬೇಕು ಎಂಬುದು ಅವಳಿಗೆ ಮೊದಲೇ ಗೊತ್ತಿತ್ತು. ಅದನ್ನು ತಿಳಿಸಲು ಇಷ್ಟೊಂದು ಉಪ್ಪು ಕರಗಿಸಬೇಕಿತ್ತೇ? ಕಿಟಕಿಯವರೆಗೆ ಹೋಗಿ ಬಂದಳು. ಚೀಲದ ಜಿಪ್ಪು ಎಳೆದಳು, ಮುಚ್ಚಿದಳು.

ವರ್ತಕ ದಡ್ಡನಲ್ಲ, ಎಂದರು ಮೇಷ್ಟ್ರು. ಊರೆಲ್ಲ ಸುತ್ತಿ ವಿಚಾರಿಸಿದ. ಹಾಡು ಹೇಳಿಕೊಂಡು ಬಡಿದ ಒಂದು ತಾರಸಿಯೂ ಸೋರಿರಲಿಲ್ಲ. ಓಹೋ, ಎಂದುಕೊಂಡ. ಹಳೆಯ ಗಾರೆ ಕೀಳಿಸಿ ಹೊಸದು ಹಾಕಿಸಿದ. ಅದೇ ಹೆಂಗಸರನ್ನು ಕರೆಸಿದ. ಈ ಸಲ ಹಾಡಿನಲ್ಲಿ ಕೊರತೆಯಾಗಬಾರದೆಂದು ದೊಡ್ಡ ಊರಿನಿಂದ ಒಬ್ಬ ಹೆಸರಾಂತ ಗಾಯಕನನ್ನೇ ಕರೆತಂದ. ತಾರಸಿಯ ಮೂಲೆಯಲ್ಲಿ ಜಮಖಾನೆ ಹಾಸಿ, ಕೊಡೆ ಹಿಡಿಸಿ, ಹಾರ್ಮೋನಿಯಂ ಸಮೇತ ಕೂರಿಸಿದ.

ಗಾಯಕ ಹಾಡಿದ. ಎಂಥ ಕಂಠ! ಬೀದಿಯಲ್ಲಿ ಹೋಗುವ ಎತ್ತಿನ ಗಾಡಿಗಳು ನಿಂತವು. (ಎತ್ತುಗಳೂ ತಲೆದೂಗಿದವು ಎಂದರು ಮೇಷ್ಟ್ರು. ಅದು ಅವರಿಗೆ ಬಿಟ್ಟದ್ದು.) ಹೆಂಗಸರು ಕೊಡತಿಯನ್ನು ಮಡಿಲಲ್ಲಿಟ್ಟುಕೊಂಡು ಬಾಯಿ ತೆರೆದು ಕೇಳಿದರು. ವರ್ತಕ ಗದರಿದಾಗ ನಾಲ್ಕು ಏಟು ಹಾಕಿದರು. ಗಾಯಕ ಮತ್ತೆ ದನಿ ಏರಿಸಿದ, ಕೈಗಳು ಮತ್ತೆ ನಿಂತವು. ಸಂಜೆಗೆ ಎಲ್ಲರೂ ಗಾಯಕನಿಗೆ ಕೈಮುಗಿದರು. "ಕೇಳಿದ ಕಿವಿ ಪಾವನ ಆತು ಸ್ವಾಮಿ" ಎಂದಳು ಹಿರಿಯಳು. ವರ್ತಕನೂ ಹಿಗ್ಗಿದ.

ಆ ವರ್ಷ ತಾರಸಿ ಮೊದಲಿಗಿಂತ ಹೆಚ್ಚು ಸೋರಿತು.

ಚಂಪಾ ಈಗ ಓಡಾಡುವುದನ್ನು ನಿಲ್ಲಿಸಿದ್ದಳು. ಆದರೆ ತಲೆ ಓಡುತ್ತಲೇ ಇತ್ತು. ಹಾಗಾದರೆ ತಪ್ಪು ಗಾಯಕನದು. ರಾಗ ಜಾಸ್ತಿಯಾಯಿತು, ತಾಳ ಕಡಿಮೆಯಾಯಿತು. ನಾಳೆ ತನ್ನ ಹಾಡನ್ನು ಸ್ವಲ್ಪ ಚುರುಕು ಮಾಡಿದರೆ? ಕಂಜಿರ ಇಟ್ಟುಕೊಂಡರೆ? ಹಾಡು ಬಿಟ್ಟು ಬೊಂಬೆಯಾಟ ಮಾಡಿದರೆ? ಬೊಂಬೆಗೆ ಬಟ್ಟೆ ಹೊಲಿಯಲು ಈಗ ಸಮಯವಾದರೂ ಎಲ್ಲಿದೆ?

ಮೇಷ್ಟ್ರು ಅವಳ ಮುಖ ನೋಡಿದರು. ಮತ್ತೆ ಮುಂದುವರಿಸಿದರು.

ವರ್ತಕ ಸೋತುಹೋದ. ಇನ್ನೊಂದು ಮಳೆಗಾಲ ಹೀಗೇ ಆದರೆ ಅಂಗಡಿ ಮುಚ್ಚಬೇಕು. ನೇರ ಹಿರಿಯಳ ಗುಡಿಸಲಿಗೆ ಹೋದ. "ಅಮ್ಮಾ, ಹಾಡು ನಿಲ್ಲಿಸಿದೆ, ಸೋರಿತು. ಹಾಡು ತಂದೆ, ಇನ್ನೂ ಸೋರಿತು. ಈಗೇನು ಮಾಡಲಿ? ಮೊದಲು ಹಾಡಿಸಿ ಆಮೇಲೆ ಬಡಿಸಲಾ, ಬಡಿಸಿ ಆಮೇಲೆ ಹಾಡಿಸಲಾ?" ಎಂದು ಕೇಳಿದ.

"ಗಾರೆ ಹಾಕ್ಸಿ ಕರೀರಿ" ಎಂದಳು ಹಿರಿಯಳು. ಮೂರನೆಯ ಸಲ ಗಾರೆ ಹಾಕಿದ ದಿನ ಅವನ ಕೈಗೆ ಒಂದು ಕೊಡತಿ ಕೊಟ್ಟಳು. ಸಾಲಿನಲ್ಲಿ ಇಬ್ಬರು ಹೆಂಗಸರ ನಡುವೆ ಕೂರಿಸಿ, "ಬಡೀರಿ ಧಣಿ" ಎಂದಳು.

"ನಾನಾ?"

"ಮತ್ತೆ? ಉಪ್ಪು ನಮ್ದಾ?"

ವರ್ತಕ ಬಡಿದ. ಹತ್ತನೇ ಏಟಿಗೆ ತೋಳು ಸೋತಿತು. ಹದಿನೈದನೇ ಏಟು ತನ್ನ ಹೆಬ್ಬೆರಳಿಗೇ ಹಾಕಿಕೊಂಡ. ಎಡಗಡೆಯವಳು ಸೆರಗು ಬಾಯಿಗಿಟ್ಟು ನಕ್ಕಳು. ಆಗ ಹಿರಿಯಳು ಹಾಡೆತ್ತಿದಳು. ಎಡಬಲದ ಕೈಗಳು ಎದ್ದಾಗ ಅವನ ಕೈಯೂ ಎದ್ದಿತು, ಅವು ಬಿದ್ದಾಗ ಬಿದ್ದಿತು. ಉಸಿರು ತೆಗೆದುಕೊಳ್ಳಲು ಎಲ್ಲಿ ಬಿಡುವಿದೆ ಎಂದು ಎದೆಗೆ ತಿಳಿಯಿತು. ನುಡಿ ಮುಗಿಯುವ ಹೊತ್ತಿಗೆ ಅವನ ಬಾಯಿಂದಲೂ ದನಿ ಹೊರಟಿತ್ತು. ಅಪಸ್ವರವೇ, ಆದರೂ ದನಿ. ಎಲ್ಲರೂ ಗೇಣು ಸರಿದಾಗ ಅವನೂ ಸರಿದಿದ್ದ. ಯಾರೂ ಹೇಳಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅವನ ಕೊಡತಿ ಚೆಂಡಿನಂತೆ ಪುಟಿಯಿತು.

ಕೆಳಗೆ ಬೀದಿಯಲ್ಲಿ ಎದುರು ಮನೆಯವನು ತಲೆಯೆತ್ತಿ, "ಸಾವ್ಕಾರ್ರೇ, ಇವತ್ತಿನ ಹಾಡು ಹೆಂಗಿತ್ತು?" ಎಂದು ಕೂಗಿದ.

"ಕೇಳಲಿಕ್ಕೆ ಪುರಸೊತ್ತು ಆಗಲಿಲ್ಲ" ಎಂದ ವರ್ತಕ.

ಮೇಷ್ಟ್ರು ಕತೆ ನಿಲ್ಲಿಸಿ ಮೇಜಿನ ಮೇಲಿನ ಪುಸ್ತಕಗಳನ್ನು ಜೋಡಿಸತೊಡಗಿದರು. ಆ ಮಳೆಗಾಲದಲ್ಲಿ ತಾರಸಿ ಏನಾಯಿತು ಎಂದು ಹೇಳಲಿಲ್ಲ. ಚಂಪಾ ಅದನ್ನು ಕೇಳಲೂ ಇಲ್ಲ. ಅವಳು ಆಗಲೇ ನಾಳೆಯ ಪಾಠಯೋಜನೆಯ ಹಾಳೆ ತೆರೆದು, ಪೆನ್ನಿನ ಮುಚ್ಚಳವನ್ನು ಹಲ್ಲಿನಲ್ಲಿ ಕಚ್ಚಿ ತೆಗೆದಿದ್ದಳು. 'ಕಲೆ' ಎಂಬ ಅಂಕಣ ಖಾಲಿ ಇತ್ತು.

"ಆ ಹೆಂಗಸು ಎತ್ತಿದ್ದು ಯಾವ ಹಾಡು ಸರ್? ಹೇಳಿ, ಬರ್ಕೋತೀನಿ. ನಾಳೆ ಅದನ್ನೇ ಹಾಡಿಬಿಡ್ತೀನಿ."

ಕೊಟ್ರಪ್ಪ ಮೇಷ್ಟ್ರು ಪುಸ್ತಕಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಬಾಗಿಲವರೆಗೆ ಹೋದರು, ತಿರುಗಿ ನಿಂತರು.

"ಹಾಡು ಹಾಗಿರಲಿ ಚಂಪಾ, ಸೋಮವಾರ ನಿನ್ನ ತರಗತಿಯಲ್ಲಿ ಮೂವತ್ತೊಂದು ಜನ ಇದ್ರಲ್ಲ, ಅವರಲ್ಲಿ ಯಾರ ಕೈಲಿತ್ತಮ್ಮ ಕೊಡತಿ?"

ಚಂಪಾ 'ಕಲೆ' ಅಂಕಣದಲ್ಲಿ 'ಮೂವತ್ತೊಂದು ಬಳಪ' ಎಂದು ಬರೆದಳು.