ಹನಿಯೊಳಗಿನ ಜೀವಗಳು ಕಣ್ಣಿಗೆ ಬೀಳದ್ದು ಯಾಕೆ

ಜಗತ್ತು ಇನ್ನೂ ಹಸಿಯಾಗಿದ್ದ ಕಾಲ. ಆಗ ಕಣ್ಣಿಗೆ ಕಾಣದ ಜೀವ ಅಂತ ಒಂದೂ ಇರಲಿಲ್ಲ.

ಸಮತಾ, ಬೆಳಗಿನಿಂದ ನೀನೂ ನಿನ್ನ ತಮ್ಮ ಆರ್ಜವನೂ ಆ ಸೂಕ್ಷ್ಮದರ್ಶಕದ ಮುಂದೆ ಸರದಿಗಾಗಿ ಕಿತ್ತಾಡಿದ್ದೀರಿ. ಉಪ್ಪಿನ ಹರಳು ನೋಡಿದಿರಿ, ಹತ್ತಿಯ ಎಳೆ ನೋಡಿದಿರಿ, ಕೇಳದೆಯೇ ಈ ಅಜ್ಜಿಯ ತಲೆಯಿಂದ ಒಂದು ಬಿಳಿ ಕೂದಲನ್ನೂ ಕಿತ್ತುಕೊಂಡು ನೋಡಿದಿರಿ. ಕೊನೆಗೆ ಕೆರೆಯ ನೀರಿನ ಹನಿ ಇಟ್ಟು, ಅದರೊಳಗೆ ಓಡಾಡುವ ಜೀವಗಳನ್ನು ಕಂಡು ಬೆಚ್ಚಿದಿರಿ. ಇವು ಇಷ್ಟು ಸಣ್ಣ ಯಾಕೆ ಅಂತ ಕೇಳಿದೆಯಲ್ಲ, ಹೇಳುತ್ತೇನೆ. ಇದು ನಗುವ ಕತೆಯಲ್ಲ.

ಆ ಕಾಲದಲ್ಲಿ ನೀರಿನ ಜೀವಗಳು ಒಂದೊಂದೂ ಕಡಲೆಕಾಳಿನಷ್ಟಿದ್ದವು. ಕೆರೆಯೇ ಅವುಗಳ ತಾಯಿ. ಜನ ಕೊಡ ಹಿಡಿದು ಬಂದಾಗೆಲ್ಲ ಕೆರೆ ಒಂದೇ ಮಾತು ಹೇಳುತ್ತಿತ್ತು. ನೀರು ಒಯ್ಯಿರಿ, ನನ್ನ ಮಕ್ಕಳನ್ನು ಬಿಟ್ಟುಹೋಗಿರಿ.

ಜನ ಅದನ್ನು ಪಾಲಿಸಿದರು. ಕೊಡದ ಬಾಯಿಗೆ ಅರಿವೆ ಕಟ್ಟಿ ನೀರು ಸೋಸುವರು. ಅರಿವೆಯಲ್ಲಿ ಉಳಿದ ಜೀವಗಳನ್ನು, ಅರಿವೆ ಮಗುಚಿ, ಅದೇ ಕೆರೆಯಲ್ಲಿ ಜಾಲಾಡಿಸಿ ಬಿಡುವರು. ಜೀವಗಳಿಗೆ ಅದೊಂದು ಆಟ. ಅರಿವೆಗೆ ಹತ್ತುವುದು, ಕೆರೆಗೆ ಇಳಿಯುವುದು.

ಆ ಊರಲ್ಲಿ ಚಂದವ್ವ ಎಂಬವಳಿದ್ದಳು. ಅವಳಿಗೆ ಒಬ್ಬನೇ ಮಗ, ಮೂರು ವರ್ಷದ ನೇಮು. ಒಂದು ಬೇಸಗೆ ಅವನಿಗೆ ಜ್ವರ ಬಂದು, ನೀರು ನೀರು ಎಂದು ಹಲುಬಿದ. ಮನೆಯ ಕೊಡ ಬರಿದಾಗಿತ್ತು. ಚಂದವ್ವ ಕೆರೆಗೆ ಓಡಿದಳು, ನೀರು ಸೋಸಿದಳು. ಅರಿವೆ ಮಗುಚುವಷ್ಟರಲ್ಲಿ ಮಗನ ಒಣಗಿದ ತುಟಿ ಕಣ್ಣಿಗೆ ಕಟ್ಟಿತು. ನೀರು ಕುಡಿಸಿ ಈಗ ಬಂದೆ ಎಂದುಕೊಂಡು, ಅರಿವೆಯನ್ನು ದಂಡೆಯ ಕಲ್ಲಿನ ಮೇಲಿಟ್ಟು ಹೋದಳು.

ಕಲ್ಲಿನ ಮೇಲೆ ಬಿಸಿಲು ಬಂತು. ಜೀವಗಳು ಕೂಗಿಕೊಂಡವು. ಅದನ್ನು ಕೇಳಿದ ಗಾಳಿ ಚಂದವ್ವನ ಬಾಗಿಲಿಗೆ ಬಂತು.

"ಅರಿವಿ ಒಣಗಾಕತ್ತೇತಿ, ಬಾರವ್ವ."

ನೇಮು ಆಗಷ್ಟೇ ಅವಳ ತೊಡೆಯ ಮೇಲೆ ಕಣ್ಣು ಮುಚ್ಚಿದ್ದ. ತಡಿ, ನಾನು ಎದ್ದರೆ ಹುಡುಗನಿಗೆ ಎಚ್ಚರಾಗುತ್ತದೆ ಎಂದಳು. ಗಾಳಿ ಎರಡನೆಯ ಸಲ ಬಂತು. ತಡಿ ಎಂದಳು. ಮೂರನೆಯ ಸಲ ಬಂದ ಗಾಳಿ ಹೊಸ್ತಿಲ ಮೇಲೆ ಕೂತುಬಿಟ್ಟಿತು.

ಅವಳನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ನಿಮ್ಮಪ್ಪನಿಗೆ ಜ್ವರ ಬಂದಾಗ ನಾನೂ ಒಲೆಯ ಮೇಲಿನ ಹಾಲು ಮರೆತವಳೇ. ಆದರೆ ಕಲ್ಲಿನ ಮೇಲೆ ಇದ್ದದ್ದು ಹಾಲಲ್ಲ.

ಸಂಜೆ ಜ್ವರ ಇಳಿದ ಮೇಲೆ ಚಂದವ್ವ ಕೆರೆಗೆ ಹೋದಳು. ಅರಿವೆ ಹಪ್ಪಳದ ಹಾಗೆ ಸೆಟೆದಿತ್ತು. ಜೀವಗಳು ಒಣ ಹೊಟ್ಟಿನಂತೆ ಅದಕ್ಕೆ ಅಂಟಿದ್ದವು. ನನ್ನ ಮಕ್ಕಳೆಲ್ಲಿ ಎಂದು ಕೆರೆ ಕೇಳಿತು. ಅವಳಿಗೆ ಹೆದರಿಕೆಯಾಯಿತು. ಅರಿವೆಯನ್ನು ಸೆರಗಿನೊಳಗೆ ಮುಚ್ಚಿಕೊಂಡು, "ಆವಾಗೇ ಬಿಟ್ಟೀನಲ್ಲವ್ವ," ಎಂದಳು.

ಸುಳ್ಳೆಂದು ಕೆರೆಗೆ ತಿಳಿಯಿತು.

ಉಳಿದ ಜೀವಗಳು ತಾಯಿಯ ಸುತ್ತ ಸೇರಿದವು. ನಮ್ಮನ್ನು ಸಣ್ಣ ಮಾಡು, ಅರಿವೆಗೂ ಸಿಗಬಾರದು, ಕಣ್ಣಿಗೂ ಸಿಗಬಾರದು ಎಂದವು. ಕೆರೆ ಬೇಡವೆಂದಿತು. ನಿಮ್ಮಲ್ಲಿ ಮನುಷ್ಯರ ಹೊಟ್ಟೆಗೆ ಹೋಗಬಾರದವರೂ ಇದ್ದೀರಿ, ಕಾಣದಿದ್ದರೆ ಕುಡಿದುಬಿಡುತ್ತಾರೆ, ಆಮೇಲೆ ನೀವೂ ಉಳಿಯುವುದಿಲ್ಲ, ಅವರೂ ಉಳಿಯುವುದಿಲ್ಲ ಎಂದಿತು. ಜೀವಗಳು ಕೇಳಲಿಲ್ಲ. ಅವು ತಾವೇ ಕುಗ್ಗಿ ಸಾಸಿವೆಯಷ್ಟಾದವು. ಗಸಗಸೆಯಷ್ಟಾದವು. ಆಮೇಲೆ ಕಾಣದೇ ಹೋದವು.

ಮರುದಿನ ಚಂದವ್ವ ನೀರು ಸೋಸಿದಾಗ ಅರಿವೆ ಖಾಲಿ ಇತ್ತು. ನೀರು ಎಷ್ಟು ಚೊಕ್ಕವಾಗಿದೆ ಎಂದು ಅವಳ ಜೀವ ಹಗುರಾಯಿತು. ನೇಮುವಿಗೆ ಎರಡು ಬಟ್ಟಲು ಕುಡಿಸಿದಳು. ಅಂದೇ ಅವನಿಗೆ ವಾಂತಿ ಭೇದಿ ಶುರುವಾಯಿತು. ಮೂರನೆಯ ದಿನ ನೇಮು ಸತ್ತುಹೋದ.

ಚಂದವ್ವ ದಂಡೆಗೆ ಬಂದು ಕೂತಳು.

"ನನ್ನ ಮಗನ್ನ ಕೊಡು," ಎಂದಳು.

"ನನ್ನವೂ ನಿನ್ನ ಕೈಯಾಗ ಇದ್ದುವು," ಎಂದಿತು ಕೆರೆ.

ಇಬ್ಬರೂ ಬಹಳ ಹೊತ್ತು ಅತ್ತರು. ಯಾರ ಮಕ್ಕಳೂ ಬರಲಿಲ್ಲ.

ಅಂದಿನಿಂದ ಚಂದವ್ವ ಕುಡಿಯುವ ನೀರನ್ನು ಕುದಿಸಿದಳು. ಸೋಸಿದ ಅರಿವೆಯನ್ನು, ಅದರಲ್ಲಿ ಏನೂ ಕಾಣದಿದ್ದರೂ, ಸಾಯುವ ತನಕ ಕೆರೆಯಲ್ಲಿ ಜಾಲಾಡಿಸಿಯೇ ಮನೆಗೆ ನಡೆದಳು. ನಾನು ದಿನಾ ಹಾಗೆ ಮಾಡುವಾಗ ನೀವು ನಗುತ್ತೀರಿ.

ಈಗ ಇನ್ನೊಮ್ಮೆ ಕಣ್ಣಿಟ್ಟು ನೋಡು, ಸಮತಾ. ಸೂಕ್ಷ್ಮದರ್ಶಕದ ದೀಪದ ಬಿಸಿಗೆ ಹನಿ ಅಂಚಿನಿಂದ ಒಣಗುತ್ತಾ ಬಂದಿದೆ. ಹನಿಯಿರುವ ಆ ಗಾಜನ್ನು ಬೇಗ ಒಯ್ದು ಕೆರೆಯಲ್ಲಿ ಅದ್ದಿ ಬಾ. ಒಣಗುವ ಹನಿಯಲ್ಲಿ ಅವು ನಡುವಿಗೆ ಓಡಿ ಓಡಿ ಒಂದನ್ನೊಂದು ಒತ್ತಿ ನಿಲ್ಲುವುದನ್ನು ನೀನು ನೋಡುತ್ತಿದ್ದೀಯಲ್ಲ, ದಂಡೆಯ ಆ ಕಲ್ಲು ಅವಕ್ಕೆ ಇವತ್ತಿಗೂ ನೆನಪಿದೆ.