ಹೆಬ್ಬಾತು ಕೊಡಲಿದ್ದ ಹೆಸರು

ಚಳಿಗಾಲವೆಲ್ಲ ನೀರುಕೋಳಿಯಿಂದ ತಾವರೆಗೆಡ್ಡೆ ಕಡ ತಂದು ತಿಂದ ಹೆಬ್ಬಾತು, ಪರದೇಶಕ್ಕೆ ಹೊರಟ ಗುಂಪಿನ ಹಿಂದೆ ಮೆಲ್ಲನೆ ಜಾರಿಕೊಳ್ಳುತ್ತಿತ್ತು. ನೀರುಕೋಳಿ ಅಡ್ಡ ಬಂದು ಕೇಳಿತು: "ನನ್ನ ಗೆಡ್ಡೆಗಳು, ಸ್ವಾಮಿ?"

"ಅಲ್ಲಿ ನೆಲೆ ನಿಂತ ಮೇಲೆ ಕಳಿಸುತ್ತೇನಮ್ಮ."

"ಅಲ್ಲಿಯವರೆಗೆ ಊಟಕ್ಕೇನು ಮಾಡುತ್ತೀರಿ?"

"ಅಲ್ಲಿನ ಸರೋವರದವರ ಹತ್ತಿರ ಕಡ ಕೇಳುತ್ತೇನೆ."

"ಗುರುತಿಲ್ಲದವರಿಗೆ ಯಾರು ಕೊಡುತ್ತಾರೆ?"

"ಗುರುತಿಲ್ಲದೆ ಏನು? ಹಿಂದಿನ ಕೆರೆಯಲ್ಲಿ ನನ್ನನ್ನು ನಂಬಿ ಕೊಟ್ಟವರಿದ್ದಾರೆ, ಬೇಕಾದರೆ ವಿಚಾರಿಸಿ ಎಂದು ನಿಮ್ಮ ಹೆಸರನ್ನೇ..."

ಹೆಬ್ಬಾತು ಹಾರಲು ಬಿಚ್ಚಿದ್ದ ರೆಕ್ಕೆ ಮಡಚಿಕೊಂಡಿತು.

"ಧಾರಾಳವಾಗಿ ಹೇಳಿ," ಎಂದಿತು ನೀರುಕೋಳಿ. "ವಿಚಾರಿಸಲು ಬಂದವರಿಗೆ ನಾನೂ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ."

ಗುಂಪು ಹಾರಿಹೋಯಿತು. ಹೆಬ್ಬಾತು ಮಾತ್ರ ತಲೆ ಕೆಳಗೆ, ಬಾಲ ಮೇಲೆ ಮಾಡಿಕೊಂಡು ಕೆರೆಯ ಕೆಸರಿನಲ್ಲಿ ಗೆಡ್ಡೆ ಅಗೆಯುತ್ತಿತ್ತು.