ಭಟ್ಟಿಯವನೂ ನೇರಳೆ ಕಲ್ಲೂ

ಸಂಗೀತದ ಮೇಷ್ಟ್ರು ಪಂಪಣ್ಣ ಒಂದು ದಿನ ಗುರುಗಳ ಮುಂದೆ ಕುಳಿತು ಕೇಳಿದ: "ಗುರುಗಳೇ, ನನ್ನ ಇಬ್ಬರು ಹೆಣ್ಣುಮಕ್ಕಳಿಗೂ ನಾನೇ ಪಾಠ ಹೇಳುತ್ತೇನೆ. ಅಪಸ್ವರ ಬಂದರೆ ಎಲ್ಲ ಶಿಷ್ಯರ ಎದುರೇ ತಡೆದು ಗದರುತ್ತೇನೆ. ಹಿರಿಯಳು ಅದರಿಂದಲೇ ಬೆಳೆದಳು. ಕಿರಿಯಳದೂ ಅಂಥದೇ ಕಂಠ. ಮೊದಮೊದಲು ಅಳುತ್ತಿದ್ದಳು, ಈಗ ಅದೂ ಇಲ್ಲ, ಹಾಡಲು ಬಾಯಿಯೇ ತೆರೆಯುವುದಿಲ್ಲ. ಅವಳಿಗೆ ಪಾಠ ಬಿಡಿಸಿಬಿಡಲೇ?"

ಗುರುಗಳು ಹೇಳಿದರು:

ಬ್ಯಾಟರಿಗೆ ಹಾಕುವ ಲಿಥಿಯಂ ಇದೆಯಲ್ಲ, ಅದು ಕೆಲವು ಕಲ್ಲುಗಳ ಒಳಗೆ ಅಡಗಿರುತ್ತದೆ. ಅದನ್ನು ಬಿಡಿಸುವ ಒಬ್ಬ ಭಟ್ಟಿಯವನಿದ್ದ. ಅವನ ಊರಿನ ಗುಡ್ಡದಲ್ಲಿ ಸಿಗುತ್ತಿದ್ದುದು ಹಸಿರು ಛಾಯೆಯ ಗಟ್ಟಿ ಕಲ್ಲು. ಅಗೆದು ತಂದ ಹಾಗೆಯೇ ಅದರ ಮೇಲೆ ಆಮ್ಲ ಸುರಿದರೆ ಜಪ್ಪಯ್ಯ ಎಂದರೂ ಬಗ್ಗದು. ಭಟ್ಟಿಯಲ್ಲಿ ಉಗ್ರವಾಗಿ ಕಾಯಿಸಿದರೆ ಮಾತ್ರ ಉಬ್ಬಿ, ಪುಡಿಪುಡಿಯಾಗಿ, ಆಮ್ಲಕ್ಕೆ ದಾರಿ ಬಿಡುತ್ತಿತ್ತು. ಈ ಕೆಲಸದಲ್ಲಿ ಭಟ್ಟಿಯವನಿಗೆ ಹೆಸರು ಬಂತು. ಹೆಸರಿನ ಹಿಂದೆಯೇ ಜಂಬವೂ ಬಂತು. ಆ ಕಾಯಿಲೆ ಮೇಷ್ಟ್ರುಗಳಾದ ನಮಗೂ ಹೊಸದೇನಲ್ಲ.

ಒಮ್ಮೆ ದೂರದ ಊರಿನ ರೈತನೊಬ್ಬ ತನ್ನ ಹೊಲದ ದಿಬ್ಬದಲ್ಲಿ ಸಿಕ್ಕ ನೇರಳೆ ಬಣ್ಣದ ಕಲ್ಲನ್ನು ಗಾಡಿಯಲ್ಲಿ ಹೇರಿಕೊಂಡು ಬಂದ. ಪದರ ಪದರವಾದ, ಉಗುರು ತಾಗಿಸಿದರೆ ಸಿಪ್ಪೆಯಂತೆ ಏಳುವ ಕಲ್ಲು. ಅದರಲ್ಲೂ ಲಿಥಿಯಂ ಇತ್ತು. ಭಟ್ಟಿಯವನು ಅದನ್ನು ಕೈಯಲ್ಲಿ ಹಿಡಿದೂ ನೋಡಲಿಲ್ಲ. ಎಂದಿನ ಬೆಂಕಿಯನ್ನೇ ಹಾಕಿದ. ಭಟ್ಟಿಯ ಬಾಗಿಲು ತೆಗೆದರೆ ಕಲ್ಲು ಕರಗಿ, ಗೋಡೆಗೆಲ್ಲ ಮೆತ್ತಿಕೊಂಡು, ಗಾಜಿನಂತೆ ಗಟ್ಟಿಯಾಗಿತ್ತು. ಒಡೆದು ಆಮ್ಲ ಸುರಿದ. ಅದು ಮಿಸುಕಲಿಲ್ಲ.

ಭಟ್ಟಿಯವನಿಗೆ ಎಲ್ಲಿಲ್ಲದ ಸಿಟ್ಟು ಬಂತು. ಊರವರ ಎದುರೇ, "ಕೆಲಸಕ್ಕೆ ಬಾರದ ಕಲ್ಲು ತಂದು ನನ್ನ ಭಟ್ಟಿ ಹಾಳು ಮಾಡಿದೆಯಲ್ಲೋ!" ಎಂದ. ರೈತ ತಲೆ ತಗ್ಗಿಸಿಕೊಂಡು ಹೋದ. ಆಮೇಲೆ ಅವನು ಯಾರಿಗೂ ಆ ಕಲ್ಲನ್ನು ತೋರಿಸಲಿಲ್ಲ.

ಮರುವರ್ಷ ಬೇರೆ ಊರಿನ ಭಟ್ಟಿಯಲ್ಲಿ ಅಂಥದೇ ನೇರಳೆ ಕಲ್ಲಿನಿಂದ ಲಿಥಿಯಂ ತೆಗೆಯುತ್ತಿದ್ದಾರೆ ಎಂಬ ಸುದ್ದಿ ಬಂತು. ಭಟ್ಟಿಯವನು ನಂಬಲಿಲ್ಲ. ತಾನೇ ಹೋಗಿ ಅಲ್ಲಿಯವನನ್ನು ಕೇಳಿದ: "ಇದಕ್ಕೆ ಎಂಥ ಬೆಂಕಿ ಹಾಕಿದೆ?"

"ಮೊದಲು ಕಲ್ಲನ್ನು ಮುಟ್ಟಿ ನೋಡಿದೆ. ಮೆದುವಾಗಿತ್ತು. ಸುಣ್ಣದ ಕಲ್ಲಿನ ಪುಡಿ ಬೆರೆಸಿ ಹದವಾಗಿ ಕಾಯಿಸಿದೆ, ಅಷ್ಟೆ," ಎಂದ ಅವನು.

ಭಟ್ಟಿಯವನು ನಾಚಿಕೆಯಿಂದ ಹಿಡಿಯಷ್ಟಾದ. ಮನೆಗೆ ಬಂದು, ಹಿತ್ತಲಲ್ಲಿ ಬಿಸಾಡಿದ್ದ ಗಾಜಿನ ಗಟ್ಟಿಗಳ ಮುಂದೆ ನಿಂತ. ಲಿಥಿಯಂ ಅವುಗಳ ಒಳಗೆ ಇನ್ನೂ ಇತ್ತು. ಅದು ಹೊರಬರುವ ಬಾಗಿಲು ಮುಚ್ಚಿದವನು ತಾನೇ ಎಂದು ಅವನಿಗೆ ಗೊತ್ತಾಯಿತು. ಕ್ಷಮೆ ಕೇಳಲೆಂದು ರೈತನ ಊರಿಗೂ ಹೋದ. ಅಂಗಳದಲ್ಲಿ ಅವನನ್ನು ಕಂಡ ಕೂಡಲೇ ಮುಖ ತೋರಿಸಲಾರದೆ ಬಂದ ದಾರಿಯಲ್ಲೇ ಹಿಂದಿರುಗಿದ.

ಕತೆ ಮುಗಿಯುವಷ್ಟರಲ್ಲಿ ಪಂಪಣ್ಣನ ಮುಖ ಬಾಡಿತ್ತು. "ಗುರುಗಳೇ, ನಾನು ಅವಳ ಮೇಲೆ ಒಂದು ದಿನವೂ ಕೈ ಮಾಡಿದವನಲ್ಲ. ಗದರಿದ್ದೂ ಅವಳ ಒಳ್ಳೆಯದಕ್ಕೇ," ಎಂದ.

ಗುರುಗಳು ಕೇಳಿದರು: "ಇರಬಹುದು ಪಂಪಣ್ಣ, ಅವಳು ಅಳುವುದನ್ನು ನಿಲ್ಲಿಸಿದ್ದು ಯಾವತ್ತು, ನೆನಪಿದೆಯೇ?"